ಈ ಸಲ ಬಿಸಿಲಿನ ನೆಪ ನಡೆಯಲ್ಲ

ಅಕ್ಕಾ,

ಗರ್ಭಕೋಶದ ಬಾಯಿಯ ಪರೀಕ್ಷೆಯನ್ನು ಮೂರು ಸಲ ತಪ್ಪಿಸಿದ್ದೀಯ. ಮೂರು ಸಲವೂ ಒಂದೇ ರಾಗ: "ಲೂಪಸ್ ಇರೋಳು ಬಿಸಿಲಿಗೆ ಹೋಗಬಾರದು ಕಣೇ." ಅದಕ್ಕೇ ಆಸ್ಪತ್ರೆಯಲ್ಲಿ ಇವತ್ತು ಸಂಜೆ ಏಳು ಗಂಟೆಗೆ ನಿನ್ನ ಹೆಸರು ಬರೆಸಿದ್ದೀನಿ. ಅಷ್ಟೊತ್ತಿಗೆ ಸೂರ್ಯನೇ ಮನೆಗೆ ಹೋಗಿರ್ತಾನೆ.

ಡಾಕ್ಟರಮ್ಮ ಹೇಳಿದ್ದು ಮರೆತೆಯಾ? ಲೂಪಸ್ ಅಂದ್ರೆ ಮೈಯ ಕಾವಲುಗಾರರೇ ಮೈಮೇಲೆ ತಿರುಗಿಬೀಳೋ ಕಾಯಿಲೆ; ಅದರ ಮಾತ್ರೆಗಳು ಆ ಕಾವಲುಗಾರರನ್ನು ಮಲಗಿಸಿವೆ. ಎಚ್‌ಪಿವಿ ಅನ್ನೋ ವೈರಸ್ ಗರ್ಭಕೋಶದ ಬಾಯಲ್ಲಿ ಬಿಡಾರ ಹೂಡಿದರೂ ಗೊತ್ತಾಗಲ್ಲ, ಬಿಟ್ಟರೆ ಕ್ಯಾನ್ಸರ್‌ವರೆಗೂ ಹೋದೀತು.

ಊಟ ಮಾಡಿ ಮಾತ್ರೆ ತಗೋ. ಆರೂವರೆಗೆ ಹೊಲಿಗೆ ಅಂಗಡಿ ಮುಚ್ಚಿ ಆಟೋ ತರ್ತೀನಿ. ನಿದ್ದೆ ಬಂದವಳ ಹಾಗೆ ನಟಿಸಬೇಡ, ನೀರು ಚಿಮುಕಿಸ್ತೀನಿ.

ಚಿಕ್ಕವಳಿದ್ದ ನನ್ನನ್ನು ಇಂಜೆಕ್ಷನ್‌ಗೆ ಎಳ್ಕೊಂಡು ಹೋಗಿ, "ಇರುವೆ ಕಚ್ಚಿದ ಹಾಗಷ್ಟೇ" ಅಂದಿದ್ದೆಯಲ್ಲ. ನಾನು ನಂಬಿ ಮೋಸಹೋಗಿ ನಿನ್ನ ಕೈ ಕಚ್ಚಿದ್ದೆ. ಇವತ್ತು ಕೈ ನನ್ನದು, ಕಚ್ಚೋ ಸರದಿ ನಿನ್ನದು.