ಅಪ್ಪ ತುಂಬಿದ ತೋಟೆ

ರಾವಂದೂರು,
ಗುರುವಾರ, 16–1–2025

ಚಿರಂಜೀವಿ ಸಾಗರನಿಗೆ,

ನಿನ್ನ ತಂದೆ ನಿಂಗಯ್ಯನ ಆಶೀರ್ವಾದ. ನೋವು ಹೇಗಿದೆ? ರಾತ್ರಿ ನಿದ್ದೆ ಹತ್ತುತ್ತದೆಯೇ? ಆಸ್ಪತ್ರೆಯ ಊಟ ಸೇರದಿದ್ದರೂ ಸೇರಿಸಿಕೋ, ಬಾಯಿರುಚಿ ನೋಡುವ ಕಾಲವಲ್ಲ ಇದು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಸೌಂದರ್ಯ, ನಿನ್ನ ಗಂಡನ ಎರಡು ಕಣ್ಣಿಗೂ ಪಟ್ಟಿ ಕಟ್ಟಿರುವುದರಿಂದ ಈ ಕಾಗದವನ್ನು ನೀನೇ ಓದಿ ಹೇಳಬೇಕಮ್ಮ. ಗೊಣಗುತ್ತಾ ಓದಬೇಡ, ಗಟ್ಟಿಯಾಗಿ ಓದು. ಹಾಗಂತ ವಾರ್ಡಿಗೆಲ್ಲ ಕೇಳುವಷ್ಟೂ ಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ದನಿ ಕೇಳಿದೊಡನೆ ಇವನು ಗೋಡೆ ಕಡೆಗೆ ಹೊರಳುತ್ತಾನೆಂದು ನೀನೇ ಹೇಳಿದೆ. ಕಾಗದದ ಎದುರು ಹೊರಳಿ ಪ್ರಯೋಜನವಿಲ್ಲ, ಕಿವಿಗೆ ಪಟ್ಟಿ ಕಟ್ಟಿಲ್ಲವಲ್ಲ. ನಮ್ಮ ಹೊಲದ ಲಿಂಗಯ್ಯ ಈ ಸಂಜೆ ಶುಂಠಿ ಲಾರಿಯಲ್ಲಿ ಮೈಸೂರಿಗೆ ಬರುತ್ತಾನೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ಸಾಗರ, ನಾನು ಒಂದು ಸಲವೂ ಬಂದು ನೋಡಲಿಲ್ಲವೆಂದು ನಿನಗೆ ಸಿಟ್ಟಿರಬಹುದು. ಬರಬಾರದೆಂದಲ್ಲ. ವಕೀಲರು ಬೇಡವೆಂದರು, ಜೊತೆಗೆ ಮಂಡಿನೋವು. ನಿನ್ನ ತಾಯಿ ಜಯಲಕ್ಷ್ಮಮ್ಮ ಮಾತ್ರ ಚೀಲ ಹಿಡಿದು ಬಸ್‌ಸ್ಟ್ಯಾಂಡಿನವರೆಗೂ ಹೋಗಿದ್ದಳು. ನಾನೇ ಬೈಕಿನಲ್ಲಿ ಹೋಗಿ ವಾಪಸ್ ಕರೆತಂದೆ. ಅವಳ ಬಾಯಿ ನಿನಗೆ ಗೊತ್ತೇ ಇದೆ, ಆಸ್ಪತ್ರೆಯಲ್ಲಿ ಪೊಲೀಸಿನವರು ಓಡಾಡುತ್ತಿರುತ್ತಾರೆ, ಅವಳು ಏನಾದರೂ ಅಂದುಬಿಟ್ಟರೆ ಯಾರು ಅನುಭವಿಸುವುದು? ಸಂಕ್ರಾಂತಿಯ ದಿನ ತಟ್ಟೆಯ ಮುಂದೆ ಕೂತವನಿಗೆ, ‘ಮಗನ್ ಕಣ್ಣು ತಿಂದ್ಕಂಡಿದ್ದೀಯಲ್ಲ, ಒಟ್ಟೆ ತುಂಬ್ನಿಲ್ವ ನಿಂಗೆ?’ ಅಂದಳು. ಮದುವೆಯಾದಂದಿನಿಂದ ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಹೆತ್ತ ಕರುಳು, ಉರಿಯುತ್ತದೆ ಅಂದುಕೊಂಡೆ. ಊಟ ಮಾಡಿಯೇ ಎದ್ದೆ. ಸಂಜೆ ದನಗಳಿಗೆ ಕಿಚ್ಚು ಹಾಯಿಸುವಾಗ ನಿನ್ನ ಬದಲು ಲಿಂಗಯ್ಯ ಹಗ್ಗ ಹಿಡಿದ.

ಈಗ ವಿಷಯಕ್ಕೆ ಬರುತ್ತೇನೆ. ನಾಡಿದ್ದು ಶನಿವಾರ ಇನ್ಸ್‌ಪೆಕ್ಟರು ನಿನ್ನ ಹಾಸಿಗೆಯ ಹತ್ತಿರ ಬಂದು ಹೇಳಿಕೆ ಬರೆದುಕೊಳ್ಳುತ್ತಾರೆ. ಅವರು ಕೇಳುವುದು ಒಂದೇ ಮಾತು: ಕೋವಿಗೆ ಹಾಕಿದ ಆ ತೋಟೆಗೆ ಮದ್ದು ತುಂಬಿದವರು ಯಾರು? ಗುಂಡು ಹೊಡೆಯುವ ಪಂದ್ಯದ ಬಯಲಿನಲ್ಲಿ ಮುಖ ಮುಚ್ಚಿಕೊಂಡು ಬಿದ್ದವನು ನೀನು, ‘ಇದು ನನ್ ತೋಟೆ ಅಲ್ಲ, ಅಪ್ಪಂದು, ಅಪ್ಪಂದು’ ಅಂತ ಕೂಗಿಕೊಂಡೆಯಲ್ಲ, ಅದನ್ನು ಊರೇ ಕೇಳಿಸಿಕೊಂಡಿದೆ. ನೋವಿನಲ್ಲಿ ಬಾಯಿಗೆ ಬಂದದ್ದು ಕೂಗಿದೆ ಅಂದುಬಿಡು. ‘ನಾನೇ ತುಂಬಿಕೊಂಡದ್ದು’ ಅಂತ ನೀನು ಹೇಳು. ಲೈಸೆನ್ಸಿಲ್ಲದೆ ಮನೆಯಲ್ಲಿ ತೋಟೆ ತುಂಬಿದ್ದಕ್ಕೆ ಒಂದು ಕೇಸು, ಅದರಿಂದ ಇನ್ನೊಬ್ಬರ ಕಣ್ಣು ಹೋಗಿದ್ದಕ್ಕೆ ಇನ್ನೊಂದು. ಎರಡೂ ನನ್ನ ತಲೆಗೆ ಬಂದರೆ ಈ ವಯಸ್ಸಿನಲ್ಲಿ ನಾನು ಜೈಲಿಗೆ ಹೋಗಬೇಕು.

ನಿನಗೆ ಎಲ್ಲ ಗೊತ್ತಿದ್ದರೂ ನನ್ನ ಕಡೆಯಿಂದ ಒಂದು ಸಲ ಕೇಳು. ಈ ರೈಫಲ್ಲು ನಮ್ಮಪ್ಪನ ಕಾಲದ್ದು, ಬೆಳೆ ಕಾಯಲೆಂದು ಲೈಸೆನ್ಸು ಕೊಟ್ಟಿದ್ದು. ಹೊಳೆ ದಾಟಿದರೆ ಕೊಡವರಿಗೆ ಆ ತಾಪತ್ರಯವಿಲ್ಲ. ನಮಗೆ ಪ್ರತಿ ಎಲೆಕ್ಷನ್ನಿಗೂ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಕೈಮುಗಿದು ಬಿಡಿಸಿಕೊಂಡು ಬರುವ ಯೋಗ. ಶುಂಠಿ ಹೊಲದ ಬದುಗಳಲ್ಲಿ ಹೊತ್ತು ತಿರುಗಲು ಭಾರವೆಂದು ಹುಣಸೂರಿನ ಕೋವಿ ರಿಪೇರಿಯ ಶಂಶುದ್ದೀನರಿಗೆ ಕೊಟ್ಟು ಹಗುರ ಮಾಡಿಸಿದೆ. ಅವರು ಮರದ ಹಿಡಿಯನ್ನು ಹೆರೆದು ತೆಳುವಾಗಿಸಿದರು, ನಳಿಗೆಯನ್ನು ತುಸು ಗಿಡ್ಡ ಮಾಡಿದರು. ‘ಅಗುರಾದಷ್ಟೂ ಒದೀತದೆ ಗೌಡ್ರೇ, ಗುಂಡಿನ ಓಟನೂ ವಸಿ ಕಮ್ಮಿ ಆಯ್ತದೆ’ ಅಂದರು. ಓಟ ಕಮ್ಮಿಯಾದರೆ ಮದ್ದು ಜಾಸ್ತಿ ಹಾಕಿದರಾಯಿತು, ಅದಕ್ಕೇನು ಪಂಚಾಂಗ ನೋಡಬೇಕೆ? ಅಂಗಡಿಯಲ್ಲಿ ವರ್ಷಕ್ಕೆ ಇಷ್ಟೇ ತೋಟೆ ಅಂತ ಕೊಡುತ್ತಾರೆ. ಹೊಡೆದಾದ ಮೇಲೆ ಉಳಿದ ಖಾಲಿ ಹಿತ್ತಾಳೆಗೆ ಮತ್ತೆ ಮದ್ದು ಸುರಿದು ಗುಂಡು ಕೂರಿಸಿದರೆ ಅದೂ ತೋಟೆಯೇ. ಈ ವಿದ್ಯೆ ನಿನಗೆ ಕಲಿಸಿದ್ದು ನಾನು. ಕಲಿತವನು ಗುರುವಿಗೇ ತಿರುಮಂತ್ರ ಹಾಕಿದೆ.

ನೀನು ಎಲ್ಲಿಂದಲೋ ಅಕ್ಕಸಾಲಿಗರ ತಕ್ಕಡಿ ತಂದೆ. ಒಂದೊಂದು ತೋಟೆಗೂ ಸಮನಾಗಿ ತೂಗಿ, ನಾನು ಹಾಕುತ್ತಿದ್ದುದಕ್ಕಿಂತ ಕಡಿಮೆ ಮದ್ದು ಹಾಕಿದೆ. ಕೆರೆ ಏರಿಗೆ ಕಾಗದ ಸಿಕ್ಕಿಸಿ ಹೊಡೆದರೆ ನಿನ್ನ ಗುಂಡಿನ ತೂತುಗಳನ್ನೆಲ್ಲ ಒಂದು ಸೋಡಾ ಬಾಟಲಿಯ ಮುಚ್ಚಳದಿಂದ ಮುಚ್ಚಬಹುದಿತ್ತು. ನನ್ನವು ಊಟದ ತಟ್ಟೆಯಷ್ಟು ಅಗಲಕ್ಕೆ ಚೆಲ್ಲಾಡಿದ್ದವು. ‘ಬಿರ್ರನೆ ಓಗೋದಲ್ಲ ಕಣಪ್ಪ, ಏಳಿದ್ ಜಾಗಕ್ಕೆ ಓಗ್ಬೇಕು. ಅಗುರದ ಕೋವಿ ಇದು, ಜಾಸ್ತಿ ಮದ್ದಾಕುದ್ರೆ ಕುಣೀತದೆ’ ಅಂದೆ ನೀನು. ನನ್ನೊಬ್ಬನಿಗೇ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಹೆಂಡತಿಯ ಎದುರಿಗೆ ಅಂದೆ. ಸೌಂದರ್ಯ, ನೀನು ನಕ್ಕೆ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕರೂ ನಗು ನಗುವೇ ತಾನೆ? ಇವತ್ತು ನಗು ಬರುತ್ತಿಲ್ಲ ಅಂತ ಕಾಣುತ್ತದೆ.

ಆಮೇಲೆ ಹೋದ ವರ್ಷದ ಪಂದ್ಯ. ಯುವಕ ಸಂಘದವರು ಕುಯ್ಲಾದ ಗದ್ದೆಯ ಆ ತುದಿಯಲ್ಲಿ ಬಿದಿರು ಗಳಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಕೊಡಗಿನವರೂ ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಗುಂಡು ಕಾಯಿಗೂ ತಾಗಲಿಲ್ಲ, ಗಳಕ್ಕೂ ತಾಗಲಿಲ್ಲ. ಮೈಕು ಹಿಡಿದ ಆ ಬಸವಪ್ರಸಾದ, ನನ್ನ ತೊಡೆಯ ಮೇಲೆ ಆಡಿ ಬೆಳೆದವನು, ‘ನಿಂಗಯ್ನೋರ ಗುಂಡು ಸ್ಯಾನೆ ಸ್ಪೀಡು ಕಣ್ರಪ್ಪೋ, ಆಗ್ಲೇ ಮಡಿಕೇರಿ ದಾಟೈತೆ, ಅಲ್ಲಿ ಯಾರಾರ ಕಂಡ್ರೆ ಫೋನ್ ಮಾಡ್ರಿ’ ಅಂದ. ಜನ ಬಿದ್ದು ಬಿದ್ದು ನಕ್ಕರು. ಅವರ ನಗು ಮುಗಿಯುವ ಮೊದಲೇ ನೀನು ಅದೇ ಕೋವಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನಿನ್ನ ತೋಟೆ ಹಾಕಿ, ಕಾಯಿ ಒಡೆದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ತೆಂಗಿನಕಾಯಿಗೆ ಹೋಯಿತು. ಒಂದು ವರ್ಷ ಟೀ ಅಂಗಡಿಯ ಮುಂದೆ ಹಾಯುವಾಗಲೆಲ್ಲ ಮಡಿಕೇರಿಯ ಹವಾ ಹೇಗಿದೆ ಅಂತ ಕೇಳಿಸಿಕೊಂಡವನು ನಾನು, ನೀನಲ್ಲ.

ಅದಕ್ಕೇ ಈ ವರ್ಷ ಪಂದ್ಯದ ಬೆಳಿಗ್ಗೆ ನಿನ್ನ ಡಬ್ಬಿಯಲ್ಲಿದ್ದ ತೋಟೆಗಳನ್ನು ತೆಗೆದು ನನ್ನವನ್ನು ಇಟ್ಟೆ. ಆ ದಿನಕ್ಕೆಂದೇ ಇನ್ನೊಂದು ಚಿಟಿಕೆ ಜಾಸ್ತಿ ಹಾಕಿದ್ದೆ. ನೀನು ಕಾಯಿ ಒಡೆಯಬೇಕು, ನಾನು ಬಸವಪ್ರಸಾದನ ಕೈಯಿಂದ ಮೈಕು ಕಿತ್ತುಕೊಂಡು, ಇದು ನಿಂಗಯ್ಯ ತುಂಬಿದ ತೋಟೆ ಅನ್ನಬೇಕು. ಇದ್ದ ಆಸೆ ಇಷ್ಟೇ. ಗೆದ್ದರೆ ಬಹುಮಾನದ ಕಪ್ಪು ನಿನಗೇ ಬರುತ್ತಿತ್ತು. ಇದರಲ್ಲಿ ಮೋಸ ಎಲ್ಲಿದೆ ಹೇಳು? ಇಷ್ಟು ತೂಗಿ ಅಳೆಯುವವನು ನೀನು, ನಿನ್ನ ತೋಟೆ ಯಾವುದು, ಅಪ್ಪನದು ಯಾವುದು ಅಂತ ಕೈಯಲ್ಲಿ ಹಿಡಿದಾಗ ಗೊತ್ತಾಗಬೇಡವೇ? ನೋಡದೆ ತುರುಕಿದವನು ನೀನು. ಅವಸರ ನಿನ್ನದು.

ನೀನು ಗುರಿ ಹಿಡಿದು ಕೋವಿಯ ಕುದುರೆ ಎಳೆದೆ. ಸದ್ದು ಎಂದಿನಂತಿರಲಿಲ್ಲ. ತೋಟೆಯ ಹಿತ್ತಾಳೆ ಹರಿದು, ಕೋವಿಯ ಹಿಂಬದಿ ಮುಚ್ಚುವ ಬೋಲ್ಟಿನ ಸಂದಿಯಿಂದ ಬೆಂಕಿ ಹಿಂದಕ್ಕೆ ಬಂತು. ನೀನು ಉರುಳಿದೆ. ಎಲ್ಲರೂ ನಿನ್ನ ಕಡೆ ಓಡಿದರು, ನಾನು ಗಳದ ಕಡೆ ಓಡಿದೆ. ಇದನ್ನೇ ಊರವರು ದೊಡ್ಡದು ಮಾಡಿದ್ದಾರೆ. ನಿನ್ನನ್ನು ಎತ್ತಲು ಅಷ್ಟು ಜನ ಇದ್ದರು, ಕಾಯಿ ನೋಡಲು ಯಾರಿದ್ದರು? ನಟ್ಟನಡುವೆ ತಾಗಿ ಎರಡು ಹೋಳಾಗಿತ್ತು ಸಾಗರ. ಓಟವೂ ಇತ್ತು, ಗುರಿಯೂ ಇತ್ತು. ನಾನು ಹೋಳುಗಳನ್ನು ಎತ್ತಿ ಹಿಡಿದು ತೋರಿಸುತ್ತಾ ಬಂದೆ, ಒಬ್ಬನೂ ತಿರುಗಿ ನೋಡಲಿಲ್ಲ. ಜನ ಎಷ್ಟು ಕೃತಘ್ನರು ಅಂತ ಅವತ್ತು ತಿಳಿಯಿತು.

ನಿನ್ನ ಮೇಲೆ ನನಗೆ ಪ್ರೀತಿ ಇಲ್ಲವೆಂದು ನಿನ್ನ ತಾಯಿ ಹೇಳುತ್ತಾಳೆ. ಇದೆ. ನೀನು ಕೈಗೂಸಾಗಿದ್ದಾಗ ನಾನು ಹಿತ್ತಲಲ್ಲಿ ಈಡು ಹೊಡೆದರೆ ಬೇರೆ ಮಕ್ಕಳೆಲ್ಲ ಅಳುತ್ತಿದ್ದವು, ನೀನು ನಗುತ್ತಿದ್ದೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯಲ್ಲೆಲ್ಲ ಮೆರೆಸಿದೆ. ಆದರೆ ನೀನು ನನಗಿಂತ ಚೆನ್ನಾಗಿ ಹೊಡೆಯುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯಿತು, ಅದೂ ನಿಜ. ಮಗ ಮೀರಿಸಿದರೆ ಅಪ್ಪನಿಗೆ ಹೆಮ್ಮೆ ಅಂತ ಹೇಳುವವರು ಗುರಿ ಇಟ್ಟು ಸೋತವರಲ್ಲ.

ವಕೀಲರ ಮಾತು ನ್ಯಾಯವಾಗಿಯೇ ಇದೆ. ಕಣ್ಣು ಕಳೆದುಕೊಂಡವನೇ ತುಂಬಿಕೊಂಡದ್ದು ಅಂದರೆ ಕೋರ್ಟಿಗೂ ಕರುಣೆ ಬರುತ್ತದೆ, ಶಿಕ್ಷೆ ಆಗಲೇ ಆಗಿಹೋಗಿದೆಯಲ್ಲ ಅಂದುಕೊಳ್ಳುತ್ತಾರೆ. ನನಗೆ ಎರಡು ಕಣ್ಣೂ ನೆಟ್ಟಗಿವೆ. ನನ್ನನ್ನು ನೋಡಿ ಯಾರಿಗೆ ಕರುಣೆ ಬರಬೇಕು? ಆ ಸೌಕರ್ಯ ನಿನಗಿದೆ, ನನಗಿಲ್ಲ. ಬಲಗಣ್ಣು ಹೋಯಿತು, ಹೌದು, ಅತ್ತರೆ ಬರುತ್ತದೆಯೇ? ಎಡಗಣ್ಣಿಗೆ ಬರೀ ಕಿಡಿ ಸಿಡಿದಿರುವುದು, ಸೋಮವಾರ ಪಟ್ಟಿ ಬಿಚ್ಚುತ್ತಾರೆ. ಮನೆಗೆ ಬಾ, ಎಡಗಣ್ಣಿನಲ್ಲಿ ಗುರಿ ಹಿಡಿಯುವುದನ್ನು ನಾನೇ ಕಲಿಸುತ್ತೇನೆ. ಬೋಲ್ಟು ಬಲಗಡೆಗೆ ಇರುವುದರಿಂದ ಎಡಭುಜಕ್ಕೆ ಕೊಟ್ಟು ಹೊಡೆಯುವವನಿಗೆ ಮೊದಮೊದಲು ಕೈ ತೊಡಕಾಗುತ್ತದೆ, ಆಮೇಲೆ ಒಗ್ಗುತ್ತದೆ. ಬೇರೆ ಕೋವಿ ತರೋಣ, ಹಗುರದ್ದು ಬೇಡ. ಮದ್ದೂ ನಿನ್ನ ಹದದಲ್ಲೇ ಇರಲಿ, ನಾನು ಅಡ್ಡ ಬರುವುದಿಲ್ಲ. ಅದಕ್ಕೆಲ್ಲ ಮೊದಲು ನಾನು ಹೊರಗಿರಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಶನಿವಾರ ನೀನು ‘ಅಪ್ಪಂದು’ ಅಂತಲೇ ಅನ್ನುವುದಾದರೆ ಅನ್ನು. ಆಮೇಲೆ ನಿನ್ನನ್ನು ಕೈಹಿಡಿದು ಎಲ್ಲಿಗೆ ಕರೆದುಕೊಂಡು ಹೋಗುವುದೆಂದು ನಿನ್ನ ಹೆಂಡತಿ ಯೋಚಿಸಿಕೊಳ್ಳಲಿ. ನಾನಿರುವವರೆಗೆ ಈ ಮನೆಯ ಬಾಗಿಲು ನನ್ನದು. ಹಂಪಾಪುರದ ನಿನ್ನ ಮಾವನ ಮನೆಯಲ್ಲಿ ಒಕ್ಕಣ್ಣ ಅಳಿಯನಿಗೆ ಎಷ್ಟು ದಿನ ಮಣೆ ಹಾಕುತ್ತಾರೋ ಅದನ್ನೂ ನೋಡೋಣ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ತಾಯಿ ಚಾಮುಂಡಿ ನಿನಗೆ ಆಯಸ್ಸನ್ನೂ ಬುದ್ಧಿಯನ್ನೂ ಕೊಡಲಿ. ಆಯಸ್ಸು ನಿಧಾನವಾಗಿ ಕೊಟ್ಟರೂ ಆಗುತ್ತದೆ, ಬುದ್ಧಿಯನ್ನು ಶನಿವಾರದೊಳಗೆ ಕೊಡಲಿ. ನಿನ್ನ ತಾಯಿ ಎಳ್ಳುಬೆಲ್ಲದ ಪೊಟ್ಟಣ ಕಳಿಸಿದ್ದಾಳೆ, ಗಂಡ ಹೆಂಡತಿ ಇಬ್ಬರೂ ತಿನ್ನಿ.

ಇತಿ ನಿನ್ನ ಹಿತ ಬಯಸುವ ತಂದೆ,
ನಿಂಗಯ್ಯ

ತಾ.ಕ.: ಸೌಂದರ್ಯ, ಇಲ್ಲಿಂದ ಮುಂದಕ್ಕೆ ಮನಸ್ಸಿನಲ್ಲೇ ಓದಿಕೋ, ಬಾಯಿ ಬಿಡಬೇಡ. ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಬೆಳಿಗ್ಗೆ ಕಣ್ಣಿನ ಡಾಕ್ಟರು ಫೋನ್ ಮಾಡಿದ್ದರು. ಬಲಗಣ್ಣಿನ ಕೇಡು ಎಡಗಣ್ಣಿಗೂ ಹತ್ತಿದೆಯಂತೆ, ಅದೂ ಉಳಿಯುವುದಿಲ್ಲವಂತೆ. ಸೋಮವಾರ ಪಟ್ಟಿ ಬಿಚ್ಚಿದರೂ ಅವನಿಗೆ ಕತ್ತಲೆಯೇ. ಇವತ್ತೇ ಅವನಿಗೆ ಹೇಳಿಬಿಡುತ್ತೇವೆ ಅಂದರು. ಬೇಡಿ ಸಾರ್, ಮನೆಯವರೇ ಸಮಾಧಾನದಿಂದ ಹೇಳುತ್ತೇವೆ ಅಂದೆ. ಮೇಲೆ ಎಡಗಣ್ಣಿನ ಗುರಿ, ಬೇರೆ ಕೋವಿ ಅಂತ ಬರೆದದ್ದೆಲ್ಲ ಅವನಿಗೆ ಆಸೆ ಇರಲಿ ಅಂತ. ಶನಿವಾರ ಹೇಳಿಕೆಗೆ ಹೆಬ್ಬೆಟ್ಟು ಒತ್ತುವವರೆಗೆ ಅವನಿಗೆ ತಿಳಿಯಕೂಡದು. ಒಂದು ಕಣ್ಣು ಉಳಿಯುತ್ತದೆ ಅಂದುಕೊಂಡಿರುವವನು ಅಪ್ಪನನ್ನು ಉಳಿಸುತ್ತಾನೆ, ಎರಡೂ ಹೋಯಿತೆಂದು ತಿಳಿದವನು ಉಳಿಸುವುದಿಲ್ಲ. ನಾನಾಗಿದ್ದರೂ ಉಳಿಸುತ್ತಿರಲಿಲ್ಲ. ಓದಿ ಹರಿದುಹಾಕು. ಅಳಬೇಡ, ಅವನಿಗೆ ಕೇಳಿಸುತ್ತದೆ.