ಸಪ್ಪೆ ನೀರು

ಭಾವನಿಗೆ ನಮಸ್ಕಾರ.

ಇಲ್ಲಿನ ಉಪ್ಪಿನ ಗದ್ದೆಗಳ ನೀರು ಗುಲಾಬಿ ಬಣ್ಣದ್ದು, ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳಿಂದಾಗಿ. ಬೆಳಕಿಗೆ ಸ್ಪಂದಿಸುವ ಅವುಗಳ ಪ್ರೋಟೀನ್ ಬೇರ್ಪಡಿಸಿದರೆ ಮುಂದೊಂದು ದಿನ ಅಕ್ಕನ ದೃಷ್ಟಿ ಆರುತ್ತಿರುವ ಕಣ್ಣಿಗೆ ಚಿಕಿತ್ಸೆಯ ದಾರಿಯಾದೀತೆಂದು ನಂಬಿದ್ದೆ. ಮೂರು ವರ್ಷ ಹುಡುಕಿ ಒಂದು ಒಳ್ಳೆಯ ತಳಿ ಸಿಕ್ಕಿತ್ತು. ಮೊನ್ನೆ ಆ ತಳಿಯ ಜೀವಿಗಳನ್ನು ಇದ್ದಬದ್ದದ್ದೆಲ್ಲ ಒಟ್ಟಿಗೆ ತೊಳೆಯುವಾಗ ಉಪ್ಪುನೀರಿನ ಬದಲು ಸಪ್ಪೆ ನೀರು ಸುರಿದುಬಿಟ್ಟೆ. ಉಪ್ಪಿಲ್ಲದೆ ಅವು ಬದುಕಲಾರವು; ಒಂದೂ ಉಳಿಯದೆ ಒಡೆದುಹೋದವು. ಆ ತಳಿ ಸಿಕ್ಕ ಗದ್ದೆಯನ್ನು ಆಗಲೇ ಮಣ್ಣು ಹಾಕಿ ಮುಚ್ಚಿದ್ದಾರೆ.

"ಹೋಗ್ಲಿ ಬಿಡು, ಊಟ ಮಾಡಿದ್ಯಾ?" ಎಂದರು ಲ್ಯಾಬಿನ ಮೇಡಂ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಉಪ್ಪಿಗೆ ಬಿರುಕುಬಿಟ್ಟ ಕೈಗೆ ಮುಲಾಮು ಹಚ್ಚುತ್ತಿದ್ದೇನೆ.

ಅಕ್ಕನಿಗೆ ಇದನ್ನು ಒಂದಕ್ಷರ ಬಿಡದೆ ಓದಿ ಹೇಳಿ. ಇನ್ನು ನನ್ನನ್ನು ನಂಬಿ ಕೂರುವುದು ಬೇಡ, ಕೋಲು ಹಿಡಿದು ನಡೆಯುವುದನ್ನು ಕಲಿಯಲಿ.

ನಿಮ್ಮ ನಾದಿನಿ