ಕೋಣೆಯಲ್ಲಿ ಒಂದೇ ಕುರ್ಚಿ

ಧರಣಣ್ಣಾ,

ನೀವು ಹೋಗಿ ಹತ್ತು ತಿಂಗಳಾಯಿತು. ಇಷ್ಟು ದಿನ ನಿಮ್ಮನ್ನು ನೆನೆದು ಅತ್ತದ್ದೇ ಆಯಿತು. ಇವತ್ತು ಜಗಳಕ್ಕೆ ಕೂತಿದ್ದೇನೆ. ಎದುರುತ್ತರ ಕೊಡಲು ನೀವಿಲ್ಲ, ಅದೊಂದು ಅನುಕೂಲ. ಇದ್ದಾಗಲಂತೂ ನಿಮ್ಮ ಮುಂದೆ ನಾನು ಬಾಯಿ ಬಿಟ್ಟವಳೇ ಅಲ್ಲ.

ಚನ್ನರಾಯಪಟ್ಟಣದ ನಿಮ್ಮ ಅಂಗಡಿಗೆ ನಾನು ಬಿಲ್ ಬರೆಯಲು ಸೇರಿದ ಮೊದಲ ವಾರ ನೆನಪಿದೆಯಾ? ನೀವು ಗಿರಾಕಿಯೊಬ್ಬರಿಗೆ ಎರಡು ಸ್ಪೀಕರ್ ಹಾಕಿ ತೋರಿಸುತ್ತಿದ್ದಿರಿ. ಹಾಡು ಟೊಳ್ಳಾಗಿ ಕೇಳುತ್ತಿದೆಯಲ್ಲ, ಹಾಡುವವಳು ಎಲ್ಲಿ ನಿಂತಿದ್ದಾಳೆ ಅಂತಲೇ ಗೊತ್ತಾಗುವುದಿಲ್ಲವಲ್ಲ ಎಂದು ನಾನು ಕೂತಲ್ಲೇ ಗೊಣಗಿದೆ. ನೀವು ಹಿಂದೆ ಹೋಗಿ ನೋಡಿದರೆ ಒಂದು ಸ್ಪೀಕರಿನ ವೈರು ಅದಲುಬದಲಾಗಿತ್ತು. ಸಂಜೆ ನನ್ನ ಬಿಲ್ ಪುಸ್ತಕ ಮುಚ್ಚಿ, "ಇದ್ನ ಯಾರ್ ಬೇಕಾದ್ರೂ ಬರೀತಾರೆ ಕಣಮ್ಮ, ನಾಳೆಯಿಂದ ನನ್ ಜೊತೆ ಫಿಟಿಂಗಿಗೆ ಬಾ" ಅಂದಿರಿ. ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಗಳೊಬ್ಬಳು ಏಣಿ ಹತ್ತಿ ಸ್ಪೀಕರ್ ಕಟ್ಟುವುದೇ ಎಂದು ಊರು ನಕ್ಕರೂ ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲಿಂದಲೋ ಬಂದ ನನಗೆ ಕೇಳುವುದನ್ನು ಕಲಿಸಿದಿರಿ. ನನ್ನ ಸಿಟ್ಟು ಇಷ್ಟು ದೊಡ್ಡದಾಗಿರುವುದೂ ಅದಕ್ಕೇ.

ಅರಕಲಗೂಡಿನ ಕಂಟ್ರಾಕ್ಟರನ್ನು ನೀವು ನೆಲದ ಮೇಲೆ ತೆವಳಿಸಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಗುಡುಗುವ ಡಬ್ಬ, ಅದೇ ಸಬ್ ವೂಫರು, ಎಲ್ಲಿಡಬೇಕು ಎಂದು ಅವರು ಕೇಳಿದರು. ನೀವು ಅದನ್ನು ಎತ್ತಿ ಅವರು ಕೂರುವ ಸೋಫಾದ ಮೇಲೇ ಇಟ್ಟು, ಹಾಡು ಹಾಕಿ, ಈಗ ಕಿವಿ ನೆಲದ ಹತ್ತಿರ ಇಟ್ಟುಕೊಂಡು ಗೋಡೆ ಸುತ್ತ ಬನ್ನಿ, ಎಲ್ಲಿ ಸದ್ದು ಹದವಾಗಿ ಕೇಳುತ್ತದೋ ಅಲ್ಲೇ ಡಬ್ಬದ ಜಾಗ ಎಂದಿರಿ. ಅಷ್ಟು ದೊಡ್ಡ ಮನುಷ್ಯ ಪಂಚೆ ಎತ್ತಿಕಟ್ಟಿ ಮಂಡಿಯೂರಿ ಹೊರಟರು. ಮೂಲೆಗೆ ಹೋದಾಗ ಸದ್ದು ಎದೆಗೆ ಗುದ್ದಿತೆಂದು ಅವರೇ ಹಿಂದೆ ಸರಿದರು. ಮೂಲೆಯಲ್ಲಿ ದಪ್ಪ ಸದ್ದು ಗುಡ್ಡೆ ಬೀಳುತ್ತದೆ, ಮಾತನ್ನು ನುಂಗಿಹಾಕುತ್ತದೆ ಎಂದು ನೀವು ಅವತ್ತು ನನಗೆ ಬಿಡಿಸಿ ಹೇಳಿದಿರಿ.

ಹೊಳೆನರಸೀಪುರದ ಅಕ್ಕಿ ಗಿರಣಿಯವರ ಮನೆಯಲ್ಲಂತೂ ರಿಮೋಟನ್ನೇ ಕೊಡಲಿಲ್ಲ ನೀವು. ಸೋಫಾ ಹಿಂಗೋಡೆಗೆ ಅಂಟಿಕೊಂಡಿತ್ತು. ಮುಂದಕ್ಕೆ ಎಳೆದರೆ ಹಿಂದೆ ಕಸ ಸೇರುತ್ತದೆ ಎಂದು ಮನೆಯವರು ತಕರಾರು ತೆಗೆದರು. "ಕಸ ಗುಡುಸ್ಬೋದು ಸಾ, ಗೋಡೆಗೆ ಅಂಟ್ಕಂಡಿರೋ ಕಿವಿಗೆ ಮಾತು ತುಂಬಕಾಗಲ್ಲ" ಅಂದಿರಿ. ಕೊನೆಗೆ ಅವರು ಎಳೆದರು. ಯಾವ ಮನೆಗೆ ಹೋದರೂ ವೈರು ಬಿಚ್ಚುವ ಮೊದಲು ನೀವು ಕೇಳುತ್ತಿದ್ದದ್ದು ಒಂದೇ: ಈ ಮನೆಯಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂರುತ್ತಾರೆ? ಅಜ್ಜಿ ಇದ್ದರೆ ಅಜ್ಜಿಯ ಜಾಗವನ್ನೂ ಕೇಳುತ್ತಿದ್ದಿರಿ. ಕೇಳುತ್ತಿದ್ದಿರಿ ತಾನೇ? ನಾನೇನೂ ಕಟ್ಟಿ ಹೇಳುತ್ತಿಲ್ಲವಲ್ಲ?

ನಿಮ್ಮ ಮನೆಯ ಸಿನಿಮಾ ನೋಡುವ ಕೋಣೆಗೆ ನನ್ನನ್ನು ಮೊದಲ ಸಲ ಕರೆದೊಯ್ದ ಸಂಜೆ, ಇಲ್ಲಿ ಕೂತು ನೋಡು ಎಂದು ನಡುವಿನ ಬೆತ್ತದ ಕುರ್ಚಿ ತೋರಿಸಿದಿರಿ. ಕೂತೆ. ಪರದೆಯ ಮೇಲಿನ ಹೆಂಗಸು ಉಸಿರೆಳೆದುಕೊಂಡದ್ದೂ ಕೇಳಿಸಿತು. ಮಾತು ಬರುವ ನಡುವಿನ ಸ್ಪೀಕರಿನ ಮೂತಿ ಆ ಕುರ್ಚಿಯಲ್ಲಿ ಕೂತವರ ಕಿವಿ ಎತ್ತರಕ್ಕೇ ತಿರುಗಿತ್ತು. ಅಕ್ಕಪಕ್ಕದ ಗೋಡೆಗೆ ಕಂಬಳಿ, ಕೆಳಗೆ ಜಮಖಾನ, ಎಲ್ಲದರ ಅಳತೆ ಆ ಕುರ್ಚಿಯಿಂದ. ಆಮೇಲೆ ಎಷ್ಟು ಸಲ ಬಂದರೂ ನನಗೆ ಕುರ್ಚಿ ಬಿಟ್ಟುಕೊಟ್ಟು ನೀವು ನಿಂತೇ ಇರುತ್ತಿದ್ದಿರಿ, ನನ್ನ ಮುಖ ನೋಡುತ್ತ. ಹಿಂದಿನ ಮೂಲೆಯಲ್ಲಿ, ಅಡುಗೆಮನೆ ಬಾಗಿಲ ಪಕ್ಕದ ದಿವಾನದ ಮೇಲೆ, ಪದ್ಮಕ್ಕ ಕೂತಿರುತ್ತಿದ್ದರು.

ಪದ್ಮಕ್ಕ ಸಿನಿಮಾದ ನಡುವೆ "ಏನಂದ?" ಎಂದು ಕೇಳುತ್ತಿದ್ದರಲ್ಲ, ನೀವು ತಿರುಗಿಯೂ ನೋಡುತ್ತಿರಲಿಲ್ಲ. "ಇವ್ಳ ಕಿವಿ ರಜಾ ಹಾಕವೆ ಕಣಮ್ಮ" ಎಂದು ನನಗೆ ಕಣ್ಣು ಮಿಟುಕಿಸುತ್ತಿದ್ದಿರಿ. ನಾನು ನಗುತ್ತಿದ್ದೆ. ನಿಮ್ಮ ಮಗ ಅಜಿತನೂ, ಮದುವೆಯಾಗಿ ಬಂದ ಮೇಲೆ ಸೊಸೆಯೂ ಕುರ್ಚಿಯ ಪಕ್ಕ ಜಮಖಾನದ ಮೇಲೆ ಕೂತು ನಗುತ್ತಿದ್ದರು. ಸಿನಿಮಾ ಮುಗಿದ ಮೇಲೆ ಕತೆ ಹೇಳು ನೋಡೋಣ ಎಂದು ನೀವು ಪರೀಕ್ಷೆ ಇಡುತ್ತಿದ್ದಿರಿ, ಅಕ್ಕ ಇನ್ನೊಂದೇ ಕತೆ ಹೇಳುತ್ತಿದ್ದರು, ಮನೆ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು. ಬರುಬರುತ್ತ ಅಕ್ಕ ಏನಂದ ಎಂದು ಕೇಳುವುದನ್ನೇ ಬಿಟ್ಟರು. ಅದನ್ನೂ ನಾವು ಯಾರೂ ಗಮನಿಸಲಿಲ್ಲ.

ಹೋದ ತಿಂಗಳು ಅಜಿತ ಫೋನ್ ಮಾಡಿದ. ಅಪ್ಪನ ಸಿಸ್ಟಂ ಕೆಟ್ಟಿದೆ, ಬರೀ ಗುಂಯ್ ಅನ್ನುತ್ತದೆ, ಯಾರಿಗಾದರೂ ಕೊಟ್ಟುಬಿಡಿ ಅಕ್ಕ ಎಂದ. ಆಮೇಲೆ ಅಮ್ಮನ ವಿಷಯ ತೆಗೆದ. ಹಾಸನದಲ್ಲಿ ಕಿವಿ ತೋರಿಸಿದರಂತೆ, ಡಾಕ್ಟರು ಕಿವಿ ಚೆನ್ನಾಗಿದೆ ಎಂದರಂತೆ. ಕಿವಿ ಸರಿಯಿದ್ದೂ ಕಣ್ಣೆದುರಿನ ಸಿನಿಮಾದ ಕತೆ ಹೇಳಲು ಬರುವುದಿಲ್ಲ ಎಂದರೆ ತಲೆಗೇ ಮಂಕು ಕವಿದಿರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಮೈಸೂರಿನಲ್ಲಿ ಮರೆವಿನ ಡಾಕ್ಟರಿಗೆ ತೋರಿಸಲು ದಿನ ಗೊತ್ತುಮಾಡಿದ್ದಾರೆ. ಬೀರುವಿನ ಬೀಗದ ಕೈ ಈಗ ಸೊಸೆಯ ಹತ್ತಿರವಂತೆ. ಬೆಳಗೊಳದ ತವರಿನಲ್ಲಿ ತಮ್ಮನ ಮಗಳ ಮದುವೆ ಗೊತ್ತಾದದ್ದನ್ನೂ ಅಕ್ಕನಿಗೆ ಯಾರೂ ಹೇಳಿಲ್ಲ, ಹೇಳಿದರೂ ತಪ್ಪು ತಿಳಿದುಕೊಳ್ಳುತ್ತಾಳೆ ಎಂದು. ಫೋನಿನಲ್ಲಿ ಅಜಿತ ಇದನ್ನೆಲ್ಲ ಬೇಸರದಿಂದಲೇ ಹೇಳಿದ. ಅವನು ಕೆಟ್ಟವನಲ್ಲ, ನಿಮ್ಮಿಂದ ಕಲಿತದ್ದನ್ನು ಮಾಡುತ್ತಿದ್ದಾನೆ ಅಷ್ಟೇ.

ಭಾನುವಾರ ಸಂಜೆ ಹೋದೆ. ಜೈನರ ಮನೆಯಲ್ಲವೇ, ಹೊತ್ತು ಮುಳುಗುವ ಮೊದಲೇ ಊಟ ಮುಗಿದು ಅಡುಗೆಮನೆ ಸ್ವಚ್ಛವಾಗಿತ್ತು. ಅಕ್ಕ ಒಲೆಕಟ್ಟೆ ಒರೆಸುತ್ತಿದ್ದರು. ನಾನು ಬೆನ್ನಹಿಂದೆ ನಿಂತು ಮೆಲ್ಲಗೆ, ಕಾಲು ನೋವು ಹೇಗಿದೆ ಅಕ್ಕ ಎಂದೆ. ತಿರುಗದೆಯೇ ಉತ್ತರ ಕೊಟ್ಟರು: ಎಡಗಾಲು ವಾಸಿ, ಬಲಗಾಲಿಗೆ ಎಣ್ಣೆ ಹಚ್ಚುತ್ತಿದ್ದೇನೆ. ನನ್ನ ಅಮ್ಮನ ಸಕ್ಕರೆ ಕಾಯಿಲೆ, ನನ್ನ ಮಗಳ ಪರೀಕ್ಷೆ ಎಲ್ಲವನ್ನೂ ನೆನಪಿಟ್ಟು ವಿಚಾರಿಸಿದರು. ಇವರಿಗೆ ಮಂಕು?

ಕೋಣೆಗೆ ಹೋದರೆ ಬೆತ್ತದ ಕುರ್ಚಿಯ ಮೇಲೆ ನೀವು ಕೂತಿದ್ದಿರಿ. ಗಂಧದ ಹಾರ ಹಾಕಿದ ನಿಮ್ಮ ಫೋಟೋ. ಅಪ್ಪನ ಜಾಗ, ಬೇರೆ ಯಾರೂ ಕೂರಬಾರದು ಎಂದು ಅಜಿತ ಇಟ್ಟಿದ್ದಾನೆ. ಇರುವವರೆಲ್ಲ ಈಗ ಕುರ್ಚಿಯಿಂದ ದೂರ ಸರಿದು ಗೋಡೆಗೆ ಒರಗಿ ಕೂತು, ಸಿಸ್ಟಂ ಕೆಟ್ಟಿದೆ ಎನ್ನುತ್ತಿದ್ದಾರೆ. ನಾನು ಬೇರೆ ದಾರಿಯಿಲ್ಲದೆ ಮೂಲೆಯ ದಿವಾನದ ಮೇಲೆ ಅಕ್ಕನ ಪಕ್ಕದಲ್ಲಿ ಕೂತೆ. ಹನ್ನೊಂದು ವರ್ಷದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ಅಜಿತ ಒಂದು ಸಿನಿಮಾ ಹಾಕಿದ.

ಏನೂ ಕೇಳಿಸಲಿಲ್ಲ, ಅಣ್ಣ. ಸದ್ದು ಬೇಕಾದಷ್ಟಿತ್ತು, ಮಾತು ಮಾತ್ರ ಒಂದೂ ಇಲ್ಲ. ಗುಡುಗು ಬೆನ್ನಿಗೆ ಬಡಿಯುತ್ತಿತ್ತು. ನಿಮ್ಮ ಕ್ಯಾಸೆಟ್ಟಿನ ಬೀರು ಮುಂದಿನ ಒಂದು ಸ್ಪೀಕರಿಗೆ ಅಡ್ಡ ನಿಂತಿತ್ತು. ಕಂಬಳಿಯಿಲ್ಲದ ಹಿಂಗೋಡೆಗೆ ತಗುಲಿ ಬಂದ ಮಾತು ಕಲಸಿಹೋಗಿತ್ತು. ನಾನು, ನೀವು ತಯಾರು ಮಾಡಿದ ಕಿವಿ, ನಾನೇ ಪಕ್ಕಕ್ಕೆ ತಿರುಗಿ "ಏನಂದ?" ಎಂದುಬಿಟ್ಟೆ. ಅಕ್ಕ ನನ್ನ ಮುಖ ನೋಡಿದರು. "ನಿಂಗೂ ಕೇಳಲ್ವಾ?" ಅಂದರು.

ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ನಾಲ್ಕು ತಾಲೂಕಿನ ಅಜ್ಜಿಯಂದಿರನ್ನು ಮೂಲೆಯಿಂದ ಎಬ್ಬಿಸಿ ಕೂರಿಸಿದ ಮನುಷ್ಯ ನೀವು. ನಿಮ್ಮ ಹೆಂಡತಿ ಎಲ್ಲಿ ಕೂರುತ್ತಾಳೆ ಎಂದು ನಿಮ್ಮನ್ನು ಯಾರು ಕೇಳಬೇಕಿತ್ತು? ಬಾಗಿಲ ಪಕ್ಕ ಕೂತರೆ ಅಡುಗೆಮನೆ ಹತ್ತಿರ ಅಂತಲೇ? ಕತ್ತಲಾದ ಮೇಲೆ ಒಲೆಯನ್ನೇ ಹಚ್ಚದ ಮನೆ ನಿಮ್ಮದು. ಆ ಹೊತ್ತಿನಲ್ಲಿ ಅಕ್ಕನಿಗೆ ಅಲ್ಲಿ ಏನು ಕೆಲಸವಿತ್ತು? ಅಥವಾ ಒಬ್ಬರಿಗೆ ಕೇಳಿಸದೆ ಇದ್ದರೆ ತಾನೇ ಇನ್ನೊಬ್ಬರ ಕಿವಿಗೆ ಬೆಲೆ ಎಂದು ಎಲ್ಲೋ ಒಳಗೆ... ಬೇಡ, ಅಷ್ಟು ಕೆಟ್ಟದಾಗಿ ಯೋಚಿಸಲು ನನ್ನಿಂದ ಆಗುವುದಿಲ್ಲ. ಆದರೆ ಕಣ್ಣು ಮಿಟುಕಿಸಿದ್ದು ಸುಳ್ಳಲ್ಲವಲ್ಲ. ಆ ಕುರ್ಚಿಯಲ್ಲಿ ಕೂತು ನಾನು ನಕ್ಕದ್ದೂ ಸುಳ್ಳಲ್ಲ. ನನ್ನ ಪಾಲಿನ ಬೈಗುಳವನ್ನು ನಾನು ದಿನಾ ಬೈದುಕೊಳ್ಳುತ್ತಿದ್ದೇನೆ. ನಿಮ್ಮ ಪಾಲಿನದು ಇದು.

ನಿಮ್ಮ ಫೋಟೋ ಎತ್ತಿದಾಗ ಅಜಿತ ಎದ್ದು ನಿಂತ. ಅಪ್ಪನ ಜಾಗ ಅದು ಎಂದ. ಹತ್ತು ನಿಮಿಷ ಕೊಡಪ್ಪ, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು ಎಂದೆ. ಫೋಟೋವನ್ನು ದಿವಾನದ ಮೇಲಿಟ್ಟು ಅಕ್ಕನನ್ನು ಕುರ್ಚಿಗೆ ಕರೆದೆ. ಬ್ಯಾಡ ಕಣೆ, ಬ್ಯಾಡ ಎನ್ನುತ್ತಲೇ ಬಂದು ತುದಿಯಲ್ಲಿ ಕೂತರು. ನಾನು ಬೆನ್ನು ಹಿಡಿದು ಹಿಂದಕ್ಕೆ ಒರಗಿಸಿದೆ. ನೀವು ಮತ್ತೆ ಮತ್ತೆ ಹಾಕುತ್ತಿದ್ದ ಹಳೆಯ ಸಿನಿಮಾವನ್ನೇ ಹಾಕಿದೆ. ಅಕ್ಕ ಅಲುಗಾಡದೆ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ, "ಇವ್ನು ಅವ್ಳ ಅಣ್ಣನಾ? ನಾನ್ ಗಂಡ ಅನ್ಕಂಡಿದ್ನಲ್ಲ" ಅಂದರು. ಯಾರೂ ನಗಲಿಲ್ಲ. ಅಜಿತ ಅಮ್ಮನ ಕಡೆಗೇ ನೋಡುತ್ತಿದ್ದ. ಅಕ್ಕ ಮತ್ತೆ, "ಸೌಂಡು ಕಮ್ಮಿ ಮಾಡು, ಜಾಸ್ತಿಯಾಯ್ತು" ಅಂದರು.

ಸಿನಿಮಾ ಮುಗಿದ ಮೇಲೆ ಕತೆಯನ್ನು ಮೊದಲಿಂದ ಕೊನೆವರೆಗೆ ಹೇಳಿದರು, ಯಾರೂ ಕೇಳದೆಯೇ. ಆಮೇಲೆ ಕುರ್ಚಿಯ ಕೈ ಸವರುತ್ತ ನನ್ನನ್ನು ಕೇಳಿದರು: "ಇಲ್ಲಿ ಕೂತ್ರೆ ಕೇಳ್ತದೆ ಅಂತ ಅವ್ರಿಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ನಿಮ್ಮ ಮಾನ ಉಳಿಯುತ್ತಿತ್ತು. ಗೊತ್ತಿತ್ತು ಅಕ್ಕ, ನನಗೂ ಗೊತ್ತಿರಬೇಕಿತ್ತು ಎಂದೆ. ಅವರು ತಲೆ ಆಡಿಸಿದರು ಅಷ್ಟೇ.

ಮೈಸೂರಿಗೆ ಹೋಗುವುದನ್ನು ಅಜಿತ ಅವತ್ತೇ ಬಿಟ್ಟ. ಮದುವೆಯ ವಿಷಯವನ್ನು ಅಮ್ಮನ ಎದುರಿಗೆ ಕೂತು ಹೇಳಿದ. ಬೀಗದ ಕೈಯನ್ನು ಸೊಸೆ ಮಾರನೆಯ ದಿನ ತಾನಾಗಿಯೇ ತಂದುಕೊಟ್ಟಳಂತೆ. ಮುಂದಿನ ವಾರ ನಾನು ಹೋಗಿ ಕ್ಯಾಸೆಟ್ಟಿನ ಬೀರು ಸರಿಸಿ, ಹಿಂಗೋಡೆಗೂ ಕಂಬಳಿ ಹಾಕಿ, ಇನ್ನೂ ಮೂರು ಜನಕ್ಕೆ ಮಾತು ಕೇಳುವ ಹಾಗೆ ಕೋಣೆಯನ್ನು ಹೊಸದಾಗಿ ಕೂರಿಸುತ್ತೇನೆ. ನೀವು ಹೇಳಿಕೊಟ್ಟ ವಿದ್ಯೆಯಿಂದಲೇ, ಇನ್ನೇನು ಮಾಡಲಿ.

ಇನ್ನೊಂದು ಸುದ್ದಿ ಉಳಿದಿದೆ. ಆ ಭಾನುವಾರ ನಾನು ಹೊರಡುವಾಗ ಅಜಿತ ಸುತ್ತಿಗೆ, ಮೊಳೆ ತಂದ, ನಿಮ್ಮ ಫೋಟೋವನ್ನು ಪರದೆಯ ಮೇಲ್ಗಡೆ ಗೋಡೆಗೆ ಹಾಕಲು. ಅಕ್ಕ ಕುರ್ಚಿಯಿಂದ ಏಳದೆ ಮೂಲೆಯ ದಿವಾನದ ಕಡೆ ತಿರುಗಿ ನಿಮ್ಮನ್ನು ನೋಡಿದರು.

"ಮೊಳೆ ಈಗ್ಲೇ ಬ್ಯಾಡ ಕಣಪ್ಪ," ಅಂದರು. "ಒಂದಷ್ಟು ದಿವ್ಸ ಅವ್ರು ಅಲ್ಲೇ ಕೂತ್ಕಳ್ಳಿ."

ನಿಮ್ಮ
ರೂಪ